ಹೊಳೆಯುವ ಮುಖ

ಟಿಕ್. ಕೊಂಚ ಬಿಟ್ಟು ಮತ್ತೆ ಟಿಕ್.

ನಡುರಾತ್ರಿಯಲ್ಲಿ ಆ ಸದ್ದಿಗೆ ವಿಮಲಾ ಎದ್ದು ಕೂತಳು. ನಲ್ಲಿ ಸೋರುತ್ತಿದೆ ಎಂದೇ ಅವಳ ಎಣಿಕೆ. ಎರಡು ಸಾವಿರದ ನಾಲ್ಕನೇ ಇಸವಿ ಅದು; ಮಳೆ ಕೈಕೊಟ್ಟು ಇಡೀ ಚೆನ್ನೈ ಕೊಡ ಹಿಡಿದು ನೀರಿನ ಲಾರಿಯ ದಾರಿ ಕಾಯುತ್ತಿದ್ದ ಕಾಲ. ಪೆರಂಬೂರಿನ ಅವರ ಬೀದಿಯಲ್ಲಿ ಒಂದು ಕೊಡ ಉರುಳಿದರೆ ಎರಡು ಮನೆಗಳಿಗೆ ಮಾತು ಬಿಡುತ್ತಿತ್ತು. ಅವಳು ಬಚ್ಚಲಿನ ನಲ್ಲಿಯನ್ನು ಮುಟ್ಟಿ ನೋಡಿದಳು, ಅಡುಗೆಮನೆಯದನ್ನು ತಿರುಪಿ ನೋಡಿದಳು. ಎರಡೂ ಒಣಗಿದ್ದವು. ಸದ್ದು ಬರುತ್ತಿದ್ದುದು ಮಗಳ ಕೋಣೆಯಿಂದ. ಪ್ರಣಮ್ಯಾ ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲೇ ನಿದ್ದೆಹೋಗಿದ್ದಳು. ಮೇಜಿನ ಮೇಲೆ ಬಿದ್ದಿದ್ದ ಹೆಡ್‌ಫೋನು ತನ್ನಷ್ಟಕ್ಕೆ ಟಿಕ್ ಟಿಕ್ ಎನ್ನುತ್ತಿತ್ತು. ಎಲ್ಲಿ ಒತ್ತಿದರೆ ಅದು ನಿಲ್ಲುತ್ತದೆ, ಎಲ್ಲಿ ಒತ್ತಿದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂದು ವಿಮಲಾಗೆ ಗೊತ್ತಿರಲಿಲ್ಲ. ಹೆಡ್‌ಫೋನಿನ ಮೇಲೆ ಒಂದು ದಿಂಬು ಇಟ್ಟು ಬಂದು ಮಲಗಿದಳು.

"ಅದು ತಾಳ ಅಮ್ಮಾ. ಅದನ್ನ ಕೇಳ್ಕೊಂಡೇ ಹಾಡ್ಬೇಕು," ಎಂದಳು ಪ್ರಣಮ್ಯಾ, ಬೆಳಿಗ್ಗೆ ದೋಸೆಯ ಮುಂದೆ.

"ತಾಳ ಹಾಕ್ಲಿಕ್ಕೆ ದೇವರು ಕೈ ಕೊಡಲಿಲ್ಲವಾ ನಿಂಗೆ?" ಎಂದರು ಸಾಕಮ್ಮ. ವಿಮಲಾಳ ಅತ್ತೆ, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

"ಪೋಂಗ ಪಾಟಿ, ಉಂಗಳುಕ್ಕು ಪುರಿಯಾದು," ಎಂದಳು ಪ್ರಣಮ್ಯಾ, ಹೋಗಜ್ಜಿ, ನಿಮಗೆ ಅರ್ಥವಾಗದು ಎಂದು.

"ಪುರಿಯಾದು, ಸರಿ. ಕನ್ನಡದಲ್ಲಿ ಹೇಳಿ ನೋಡು, ಪುರಿದರೂ ಪುರಿದೀತು."

ಪ್ರಣಮ್ಯಾ ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಬ್ರಹ್ಮಾವರದ ಕಡೆಯ ಮನೆಮಾತು ಅವಳ ಕಿವಿಗೆ ಬರುತ್ತಿತ್ತು, ಬಾಯಿಗೆ ಬರುವಾಗ ಅರ್ಧ ತಮಿಳಾಗುತ್ತಿತ್ತು. ಬಿ.ಕಾಂ. ಮುಗಿಸಿದ ಮೇಲೆ ಒಂದು ಕಚೇರಿಯಲ್ಲಿ ಕೆಲವು ತಿಂಗಳು ಕೂತು, ಬಂದ ಸಂಬಳವನ್ನೆಲ್ಲ ಒಂದು ಹಳೇ ಕೀಬೋರ್ಡಿಗೂ ಮೈಕಿಗೂ ಸುರಿದು, ಕೆಲಸ ಬಿಟ್ಟು ಮನೆಗೆ ಬಂದಿದ್ದಳು. ಕಾಲೇಜಿನ ಗೆಳತಿ ವಂದನಾ ಜೊತೆಗಾತಿ. ಅವಳದು ಮೈಸೂರಿನ ಕಡೆಯ ಮನೆತನ, ತಾಂಬರಂನಲ್ಲಿ ವಾಸ. ವಾರಕ್ಕೆ ಮೂರು ನಾಲ್ಕು ಸಲ ಎಲೆಕ್ಟ್ರಿಕ್ ಟ್ರೈನು ಹತ್ತಿ, ನಡುವೆ ಒಂದು ಕಡೆ ಬದಲಿಸಿ, ಬೆವರು ಸುರಿಸಿಕೊಂಡು ಬರುತ್ತಿದ್ದಳು. ಇಬ್ಬರೂ ಬಾಗಿಲು ಹಾಕಿಕೊಂಡು ಹಾಡು ಮಾಡುತ್ತಿದ್ದರು. ವೀಣೆಯಿಲ್ಲ, ತಬಲಾ ಇಲ್ಲ. ಇದ್ದದ್ದೆಲ್ಲ ಕಂಪ್ಯೂಟರಿನ ಹೊಟ್ಟೆಯೊಳಗೆ. ಇಂಗ್ಲಿಷಿನಲ್ಲಿ ಕೆಲವು, ತಮಿಳಿನಲ್ಲಿ ಕೆಲವು, ವಂದನಾಳ ಹಟಕ್ಕೆ ಕನ್ನಡದಲ್ಲಿ ಎರಡು. ಎಲ್ಲ ಸೇರಿ ಅವರ ಮೊದಲ ಆಲ್ಬಮ್ಮು. ಜೋಡಿಗೆ ಅವರು ಇಟ್ಟುಕೊಂಡ ಹೆಸರು 'ಬೈ ಟೂ'.

ಆ ಹೆಸರು ಕೇಳಿದ ದಿನ ಭೋಜರಾಜ ಊಟದ ತಟ್ಟೆಯಿಂದ ಕೈ ಮೇಲೆತ್ತಿದ್ದ. ಎರಡು ಬೀದಿ ಆಚೆ, ರೈಲ್ವೆ ವರ್ಕ್‌ಶಾಪಿನ ದಾರಿಯಲ್ಲಿ, ಅವನದೇ ಸಸ್ಯಾಹಾರಿ ಹೋಟೆಲು.

"ಬೈ ಟೂ ಕಾಫಿ ಕೊಡುವುದಿಲ್ಲ ಅಂತ ನಾನು ಗೋಡೆಗೆ ಬೋರ್ಡು ಹಾಕಿದ್ದೇನೆ. ನೀನು ಹುಡುಕಿ ಹುಡುಕಿ ಅದೇ ಹೆಸರಿಟ್ಟೆಯಾ?"

"ನಾವು ಒಂದೇ ಕಾಫಿ ಹಂಚ್ಕೊಂಡು ಕುಡೀತಿದ್ವಿ ಅಂಕಲ್, ಕಾಲೇಜಲ್ಲಿ. ಅದಕ್ಕೇ," ಎಂದು ವಂದನಾ ವಿವರಿಸಿದಳು.

"ನಿಮ್ಮಂಥವರಿಂದಲೇ ಮಗಾ ಹೋಟೆಲಿನವರು ಉದ್ಧಾರ ಆಗದ್ದು."

ಅವತ್ತು ಎಲ್ಲರೂ ನಕ್ಕಿದ್ದರು. ಆಮೇಲೆ ನಗು ಕಡಿಮೆಯಾಗುತ್ತ ಬಂತು. ಹೋಟೆಲಿನ ಮಹಡಿಯ ಮೇಲೆ ಭೋಜರಾಜ ಹೊಸದಾಗಿ ಎ.ಸಿ. ಹಾಲ್ ಮಾಡಿಸುತ್ತಿದ್ದ, ಅಲ್ಲಿನ ಗಲ್ಲಾದಲ್ಲಿ ಮಗಳು ಕೂರಬೇಕೆಂಬುದು ಅವನ ಆಸೆ. ಆಸೆ ದಿನದಿಂದ ದಿನಕ್ಕೆ ಆಜ್ಞೆಯಾಗುತ್ತಿತ್ತು.

ಆಗಸ್ಟಿನ ಒಂದು ರಾತ್ರಿ ಊಟದ ಹೊತ್ತಿಗೆ ಅದು ಸಿಡಿಯಿತು.

"ಹೊರಗಿನವರನ್ನು ಗಲ್ಲಾದಲ್ಲಿ ಕೂರಿಸಿ ನಾನು ಕಾಯ್ತಾ ಕೂರಬೇಕಾ? ಮನೆಯಲ್ಲಿ ಬಿ.ಕಾಂ. ಓದಿದವಳು ಇರುವಾಗ?"

"ನಾನ್ ವರಮಾಟ್ಟೇನ್ ಪ್ಪಾ, ನಾನು ಬರಲ್ಲ. ಆಲ್ಬಮ್ ಮುಗೀಲಿ."

"ಯಾವಾಗ ಮುಗಿಯುವುದು ಅದು? ನಿನ್ನ ಈ ಹಾಡು, ಈ ಡಬ್ಬಾ ಪಾಟ್ಟು, ಮುಗಿಯುವುದರೊಳಗೆ ನನ್ನ ಹೋಟೆಲು ಮುಗಿಯುತ್ತದೆ."

"ಡಬ್ಬಾ ಅನ್ಬೇಡಿ! ಕೇಳಿದ್ದೀರಾ ಒಂದ್ಸಲ ಆದ್ರೂ?"

"ಕೇಳುವುದೇನು, ಗೋಡೆಯಾಚೆಯಿಂದ ದಿನಾ ಗುದ್ದುತ್ತದಲ್ಲ."

ವಿಮಲಾ ಸಾರಿನ ಪಾತ್ರೆ ಹಿಡಿದು ನಡುವೆ ನಿಂತಿದ್ದಳು. ಇಬ್ಬರ ಮಾತಿನ ನಡುವೆ ನಿಂತು ನಿಂತು ಅವಳಿಗೆ ಒಂದು ಅಭ್ಯಾಸವಾಗಿತ್ತು: ಯಾವ ಮಾತಿಗೆ ಯಾರ ದನಿ ಏರುತ್ತದೆ, ಯಾವ ಮಾತಿಗೆ ತಟ್ಟೆ ದೂಡಿ ಏಳುತ್ತಾರೆ ಎಂದು ಮೊದಲೇ ಅಂದಾಜು ಮಾಡಿ, ಅದಕ್ಕೆ ಒಂದು ಕ್ಷಣ ಮುಂಚೆ ಅನ್ನ ಬಡಿಸುವುದು. ಈ ಸಲ ಅವಳು ಅನ್ನ ಬಡಿಸುವುದರ ಜೊತೆಗೆ ಒಂದು ಮಾತನ್ನೂ ಬಡಿಸಿದಳು.

"ಒಂದು ಗಡುವು ಇಟ್ಟುಕೊಳ್ಳಿ. ಇಬ್ಬರಿಗೂ ಒಪ್ಪಿಗೆಯಾಗುವ ಹಾಗೆ."

ಭೋಜರಾಜ ಮಜ್ಜಿಗೆ ಕುಡಿಯುವವರೆಗೆ ಯೋಚಿಸಿದ. "ದೀಪಾವಳಿ. ದೀಪಾವಳಿಯ ಒಳಗೆ ಸೀಡಿ ಅಂಗಡಿಗೆ ಬಂದರೆ ಇನ್ನೊಂದು ವರ್ಷ ನಾನು ಬಾಯಿ ತೆರೆಯುವುದಿಲ್ಲ. ಬರದಿದ್ದರೆ ಮರುದಿನದಿಂದ ಗಲ್ಲಾ. ಆಯಿತಾ?"

"ಆಯ್ತು," ಎಂದಳು ಪ್ರಣಮ್ಯಾ. ಅವಳ ಮುಖ ನೋಡಿದರೆ ವಿಮಲಾಗೆ ಗೊತ್ತಾಗುತ್ತಿತ್ತು, ಆಗುತ್ತದೆಂಬ ಧೈರ್ಯದಿಂದ ಹೇಳಿದ ಮಾತಲ್ಲ ಅದು ಎಂದು.

ಅಲ್ಲಿಂದ ಮುಂದೆ ಮನೆಯ ದಿನಚರಿಯೇ ಹಾಡಿನ ಹಿಂದೆ ಹೋಯಿತು. ಧ್ವನಿ ಹಿಡಿಯುವಾಗ ಫ್ಯಾನು ನಿಲ್ಲಿಸಬೇಕು; ಹುಡುಗಿಯರಿಬ್ಬರೂ ಒಳಗೆ ಬೇಯುತ್ತಿದ್ದರು. ಕುಕ್ಕರ್ ಕೂಗಬಾರದು; ವಿಮಲಾ ಬೇಳೆಯನ್ನು ಬೆಳ್ಳಂಬೆಳಿಗ್ಗೆಯೇ ಬೇಯಿಸಿಟ್ಟುಕೊಳ್ಳತೊಡಗಿದಳು. ಲಾರಿ ಬಂದರೆ ಬೀದಿಯೆಲ್ಲ ಕೊಡಗಳ ಗದ್ದಲ. ಆಗ ಪ್ರಣಮ್ಯಾ ಹಾಡು ಬಿಟ್ಟು ಓಡಿ ಸಾಲಿನಲ್ಲಿ ನಿಲ್ಲುತ್ತಿದ್ದಳು. ಸಾಕಮ್ಮನ ಕೆಮ್ಮಿಗೆ ಮಾತ್ರ ಯಾವ ವೇಳಾಪಟ್ಟಿಯೂ ಒಗ್ಗಲಿಲ್ಲ.

"ಅಜ್ಜಿ, ಎರಡೇ ನಿಮಿಷ ತಡ್ಕೊಳ್ಳಿ, ಪ್ಲೀಸ್," ಎಂದು ವಂದನಾ ಬಾಗಿಲಿನಿಂದ ತಲೆ ಹೊರಗೆ ಹಾಕುತ್ತಿದ್ದಳು.

"ತಡೆದುಕೊಂಡು ಪ್ರಾಣ ಹೋದರೆ ಅದನ್ನೂ ಹಾಡು ಮಾಡ್ತೀರಾ ಮಾರಾಯ್ತಿ?" ಎನ್ನುತ್ತಿದ್ದರು ಸಾಕಮ್ಮ. ಹೇಳಿದರೂ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲ ಕಡೆ ಹೋಗುತ್ತಿದ್ದರು.

ನವರಾತ್ರಿ ಹತ್ತಿರವಾಗುವ ಹೊತ್ತಿಗೆ ಹಾಡುಗಳು ಮುಗಿದವು. ಮೌಂಟ್ ರೋಡಿನ ಹಿಂದಿನ ಒಂದು ಸಣ್ಣ ಕಂಪನಿ ಸೀಡಿ ಅಚ್ಚು ಹಾಕಿಸಿ ಅಂಗಡಿಗಳಿಗೆ ಹಂಚಲು ಒಪ್ಪಿತು. ಆದರೆ ವಿಜಯದಶಮಿಯ ಮಧ್ಯಾಹ್ನದೊಳಗೆ ಮೂಲಪ್ರತಿ ಕೈಗೆ ಬರಬೇಕು. ಅದು ತಪ್ಪಿದರೆ ಅಚ್ಚಿನ ಯಂತ್ರಗಳೆಲ್ಲ ಡಿಸೆಂಬರಿನ ಮಾರ್ಗಳಿ ಸಂಗೀತೋತ್ಸವದ ಸೀಡಿಗಳಿಗೆ ಹೋಗುತ್ತವೆ, ಮತ್ತೆ ಪೊಂಗಲ್ ಕಳೆದ ಮೇಲೆಯೇ. ಕೊನೆಯ ಹದಗೊಳಿಸುವ ಕೆಲಸ ಕೋಡಂಬಾಕ್ಕಂನ ಒಂದು ಸ್ಟುಡಿಯೋದಲ್ಲಿ ನಡೆಯಿತು. ಅಲ್ಲಿನವರು ಮುಗಿದ ಹಾಡುಗಳನ್ನು ಒಂದು ಸೀಡಿಗೆ ಇಳಿಸಿಕೊಟ್ಟು, "ಇಲ್ಲಿ ಜಾಗ ಇಲ್ಲಮ್ಮ, ಕಂಪ್ಯೂಟರಿನಲ್ಲಿರುವುದನ್ನು ಅಳಿಸಿದ್ದೇವೆ, ಜೋಪಾನ," ಎಂದು ಕಳಿಸಿದರು.

ಆಯುಧಪೂಜೆಯ ದಿನ ಹನ್ನೊಂದು ಗಂಟೆಗೆ ಹುಡುಗಿಯರು ಆ ಸೀಡಿ ಹಿಡಿದುಕೊಂಡು ಮನೆಗೆ ಬಂದರು. ಒಂದು ನಕಲು ಮಾಡಿಟ್ಟುಕೊಳ್ಳೋಣವೆಂದು ಕೋಣೆಗೆ ಹೋದರೆ, ಕಂಪ್ಯೂಟರಿನ ನೆತ್ತಿಯ ಮೇಲೆ ಆಗಲೇ ಸೇವಂತಿಗೆ ಹೂವಿನ ದಂಡೆ. ಕೋಯಂಬೇಡು ಮಾರುಕಟ್ಟೆಯಿಂದ ಬೆಳಗಿನ ಜಾವ ಭೋಜರಾಜ ತಂದಿದ್ದ ಬೂದುಗುಂಬಳ, ಬಾಳೆಕಂದು, ಹೂವು ಎಲ್ಲ ಹೋಟೆಲಿಗೂ ಮನೆಗೂ ಹಂಚಿಹೋಗಿತ್ತು. ಹೊಲಿಗೆಯಂತ್ರ, ಈಳಿಗೆ, ಸ್ಕೂಟರು, ವಿಮಲಾಳ ಕಾಲೇಜಿನ ಕಾಲದ ಎರಡು ಪುಸ್ತಕ, ಕೀಬೋರ್ಡು, ಮೈಕು ಎಲ್ಲ ಪೂಜೆಗೆ ಕೂತಿದ್ದವು.

"ಕುಂಕುಮ ಇಟ್ಟಾಯಿತು. ನಾಳೆ ಮರುಪೂಜೆ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ," ಎಂದರು ಸಾಕಮ್ಮ.

"ಅಜ್ಜಿ, ಹತ್ತು ನಿಮಿಷದ ಕೆಲಸ ಅಷ್ಟೇ ಕಣಜ್ಜಿ," ಎಂದಳು ವಂದನಾ.

"ವರ್ಷವಿಡೀ ದುಡಿಸಿಕೊಂಡಿದ್ದೀರಿ. ಒಂದು ದಿನ ಅದಕ್ಕೂ ವಿಶ್ರಾಂತಿ ಬೇಡವಾ? ಈಳಿಗೆಮಣೆಗೇ ಇವತ್ತು ರಜೆ ಕೊಟ್ಟಿದ್ದೇನೆ, ನಾಲ್ಕು ಬಗೆ ಪಲ್ಯಕ್ಕೆ ತರಕಾರಿ ನಿನ್ನೆಯೇ ಹೆಚ್ಚಿಸಿಟ್ಟು."

ಭೋಜರಾಜನೂ ತಾಯಿಯ ಕಡೆಗೇ ನಿಂತ. ಪ್ರಣಮ್ಯಾ ಕಾಲು ಅಪ್ಪಳಿಸಿದಳು, ಆದರೆ ಅವಳಿಗೂ ಒಳಗೊಳಗೆ ಸರಸ್ವತಿಯ ಹೆದರಿಕೆ ಇತ್ತು. ಕೊನೆಗೆ ತಾನೇ ಸೀಡಿಯನ್ನು ಅದರ ಕಾಗದದ ಚೀಲದ ಸಮೇತ ಕೀಬೋರ್ಡಿನ ಮೇಲೆ ಇಟ್ಟು ಕೈಮುಗಿದು, ವಂದನಾಳನ್ನು ರೈಲು ಹತ್ತಿಸಲು ಹೋದಳು.

ಮಂಗಳಾರತಿಗೆ ಮುಂಚೆ ಸಾಕಮ್ಮ ಆ ಚೀಲವನ್ನು ನೋಡಿದರು. "ಇದಕ್ಕೆ ಗಂಧ ಕುಂಕುಮ ಎಲ್ಲಿ? ಚೀಲಕ್ಕೆ ಬೊಟ್ಟಿಟ್ಟರೆ ಪೂಜೆ ಆಗುತ್ತದಾ? ತೆಗೆದು ಮುಖಕ್ಕೆ ಇಡು."

ವಿಮಲಾ ಸೀಡಿಯನ್ನು ಅಂಚಿನಲ್ಲಿ ಹಿಡಿದು, ಎರಡೂ ಕಡೆ ತಿರುಗಿಸಿ ನೋಡಿದಳು. ಮುಖ ಯಾವುದು? ಒಂದು ಕಡೆ ಮಂಕಾಗಿ, ಪೆನ್ನಿನಲ್ಲಿ ಏನೋ ಗೀಚಿತ್ತು. ಮನೆಯ ಬಟ್ಟಲಿನ ಅಡಿಗೆ ಹೆಸರು ಕೊರೆಸಿದ ಹಾಗೆ. ಇನ್ನೊಂದು ಕಡೆ ಕನ್ನಡಿಯಂತೆ ಹೊಳೆಯುತ್ತಿತ್ತು, ಓರೆ ಮಾಡಿದರೆ ಏಳು ಬಣ್ಣ. ಮುಖವೆಂದರೆ ಹೊಳೆಯುವುದೇ ಇರಬೇಕಲ್ಲವೇ? ಅವಳು ಅಲ್ಲಿಗೆ ಬೆರಳಿನಿಂದ ಗಂಧ ಎಳೆದು, ಅದರ ನಡುವೆ ಕುಂಕುಮದ ಬೊಟ್ಟಿಟ್ಟು, ಒಂದು ಎಸಳು ಹೂ ಅಂಟಿಸಿ, ಆರಿದ ಮೇಲೆ ಚೀಲದ ಮೇಲೆ ಒರಗಿಸಿದಳು. ಚೆಂದ ಕಂಡಿತು. ಪ್ರಣಮ್ಯಾ ವಾಪಸು ಬರುವ ಹೊತ್ತಿಗೆ ಮಂಗಳಾರತಿಯ ಹೂವು ಬಿದ್ದು ಅದು ಮುಚ್ಚಿಹೋಗಿತ್ತು.

ಅವಳಿಗೆ ಹೊಳೆದದ್ದು ಮರುದಿನ ಬೆಳಿಗ್ಗೆ. ಭೋಜರಾಜ ಹೋಟೆಲಿಗೆ ಹೋದ ಮೇಲೆ, ಉಳಿದವರು ಏಳುವ ಮುಂಚೆ ಬಾಡಿದ ಹೂವು ತೆಗೆಯಲು ಕೂತವಳಿಗೆ, ಎಂದೋ ಪ್ರಣಮ್ಯಾ ಕೂಗಾಡಿದ್ದು ನೆನಪಾಯಿತು: "ಹೊಳೆಯೋ ಕಡೆ ಬೆರಳಿಡಬೇಡಿ ಅಮ್ಮಾ, ಹಾಡೆಲ್ಲ ಅಲ್ಲೇ ಇರೋದು!"

ಹಾಡೆಲ್ಲ ಅಲ್ಲೇ ಇರುವುದು.

ವಿಮಲಾ ಸೀಡಿಯನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದಳು. ಒದ್ದೆ ಬಟ್ಟೆಯ ತುದಿಯಿಂದ ಒರೆಸಿದಳು. ಕುಂಕುಮ ಹೋಗುವ ಬದಲು ಸೀಡಿ ತಟ್ಟೆಯ ತುಂಬ ಕೆಂಪಗೆ ಹರಡಿತು. ಒಣಗಿದ ಗಂಧ ಮರಳಿನಂತೆ ಬೆರಳಿಗೆ ತರಿತರಿಯಾಗಿ ಸಿಕ್ಕಿತು. ಹಿಡಿದಿಟ್ಟ ನೀರಿನಲ್ಲಿ ಒಂದು ಚೊಂಬನ್ನು ಧಾರಾಳವಾಗಿ ಸುರಿದು, ಸೋಪಿನ ನೊರೆಯಲ್ಲಿ ಮೆತ್ತಗೆ ತೊಳೆದು, ಹಳೇ ಪಂಚೆಯಲ್ಲಿ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದಳು. ತಟ್ಟೆ ಹೊಳೆಯಿತು. ಜೊತೆಗೆ ಮೂರು ಗೀರುಗಳೂ ಹೊಳೆದವು, ಕೂದಲೆಳೆಯಷ್ಟು ಸಣ್ಣವು.

ಸ್ಟುಡಿಯೋದಲ್ಲಿ ಅಳಿಸಿದ್ದಾರೆ. ನಕಲಿಲ್ಲ. ಮಧ್ಯಾಹ್ನದೊಳಗೆ ಕೊಡಬೇಕು. ಮಗಳ ಒಂದು ವರ್ಷ ತನ್ನ ಬೆರಳ ತುದಿಯಲ್ಲಿ ಗೀರಿಹೋಯಿತೇ? ಪ್ರಣಮ್ಯಾಳನ್ನು ಎಬ್ಬಿಸಿ ಹೇಳಲು ಬಾಗಿಲವರೆಗೆ ಹೋದಳು. ಮಗಳು ಬಾಯಿ ತೆರೆದು, ಚಿಕ್ಕವಳಿದ್ದಾಗಿನಂತೆ ಮಲಗಿದ್ದಳು. ಮೊದಲು ಹಾಡು ಓಡುತ್ತದೋ ಇಲ್ಲವೋ ನೋಡೋಣ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಮರುಪೂಜೆಯಾಗದೆ ಮನೆಯ ಕಂಪ್ಯೂಟರು ಹಾಕುವಂತಿಲ್ಲ. ಹಾಕಲು ಬರುವುದೂ ಇಲ್ಲ. ಆದರೆ ಹೋಟೆಲಿನ ಗಲ್ಲಾದ ಪಕ್ಕದಲ್ಲಿ, ಬೆಳಿಗ್ಗೆ ದೇವರ ಹಾಡು ಹಾಕಲೆಂದು, ಒಂದು ಸೀಡಿ ಪ್ಲೇಯರು ಇತ್ತು.

ಪಂಚಕಜ್ಜಾಯದ ಡಬ್ಬಿಯ ಅಡಿಗೆ ಸೀಡಿ ಇಟ್ಟುಕೊಂಡು ವಿಮಲಾ ಬೀದಿಗಿಳಿದಳು. ನಿನ್ನೆ ಒಡೆದ ಬೂದುಗುಂಬಳದ ಹೋಳುಗಳು ಪ್ರತಿ ಅಂಗಡಿಯ ಮುಂದೆಯೂ ಬಿದ್ದಿದ್ದವು. ಹೋಟೆಲಿನಲ್ಲಿ ಮರುಪೂಜೆ ಆಗಲೇ ಮುಗಿದು ಇಡ್ಲಿಯ ಹಬೆ ಏಳುತ್ತಿತ್ತು. ರಾತ್ರಿಪಾಳಿ ಮುಗಿಸಿದ ವರ್ಕ್‌ಶಾಪಿನ ಕೆಲವರು ಖಾಕಿಯಲ್ಲೇ ಕೂತಿದ್ದರು. ಗಲ್ಲಾದಲ್ಲಿ ಮ್ಯಾನೇಜರ್ ಜಯರಾಮ.

"ಎಂತ ವಿಮಲಕ್ಕ, ಇಷ್ಟು ಬೇಗ?"

"ಪ್ರಸಾದ ತಂದೆ. ಜಯರಾಮ, ಇದೊಂದನ್ನು ಹಾಕಿ ನೋಡ್ತೀಯಾ? ಕೊನೆಯವರೆಗೆ ಓಡುತ್ತದಾ ಅಂತ ಗೊತ್ತಾಗಬೇಕು."

"ದೇವರದ್ದಾ?"

"ಪೂಜೆಗೆ ಇಟ್ಟದ್ದು," ಎಂದಳು ವಿಮಲಾ. ಸುಳ್ಳಲ್ಲವಷ್ಟೆ.

ಭಕ್ತಿಗೀತೆ ನಿಂತಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗುಂಯ್ ಎಂದು ಒಂದು ಸ್ವರ ನೆಲದಿಂದ ಎದ್ದು ಬಂತು, ಅದರ ಮೇಲೆ ಡಬ ಡಬ ಹೆಜ್ಜೆ, ಅದರ ಮೇಲೆ ಎರಡು ಹೆಣ್ಣು ದನಿ.

"ಎನ್ನಣ್ಣಾ, ಸಾಮಿ ಪಾಟ್ಟು ಮಾತ್ತಿಟ್ಟೀಂಗಳಾ?" ಎಂದು ಒಬ್ಬ ಖಾಕಿಯವ ಕೂಗಿದ. ದೇವರ ಹಾಡನ್ನಷ್ಟೇ ಅಲ್ಲ, ದೇವರನ್ನೇ ಬದಲಿಸಿಬಿಟ್ಟಿರಾ ಎಂದು ಇನ್ನೊಬ್ಬ ಸೇರಿಸಿದ. ಜಯರಾಮ ವಿಮಲಾಳ ಕಡೆ ನೋಡಿದ. ಅವಳು ಇರಲಿ ಎಂದು ತಲೆಯಾಡಿಸಿ, ಮೂಲೆಯ ಮೇಜಿಗೆ ಹೋಗಿ, ತಾನಾಗಿ ಬಂದ ಕಾಫಿಯನ್ನು ಮುಟ್ಟದೆ ಕೂತಳು.

ಒಂದು ಹಾಡು ಮುಗಿಯಿತು. ಎರಡನೆಯದು. ಇಷ್ಟು ತಿಂಗಳು ಗೋಡೆಯಾಚೆಯಿಂದ ಚೂರುಚೂರಾಗಿ ಕೇಳಿದ್ದನ್ನು ಅವಳು ಇಡಿಯಾಗಿ ಕೇಳುತ್ತಿದ್ದುದು ಇದೇ ಮೊದಲು. ಕೇಳುತ್ತಿದ್ದುದಾದರೂ ಹಾಡನ್ನಲ್ಲ, ಗೀರನ್ನು. ಅಕ್ಕಿಯಲ್ಲಿ ಕಲ್ಲು ಹುಡುಕುವವಳಂತೆ ಒಂದೊಂದು ಸ್ವರವನ್ನೂ ಬೆರಳಾಡಿಸಿ ನೋಡುತ್ತಿದ್ದಳು. ಮೂರು, ನಾಲ್ಕು. ಕಲ್ಲು ಸಿಗಲಿಲ್ಲ.

ಐದನೆಯದು ಕನ್ನಡದ್ದು. ನಿಧಾನವಾಗಿ ಶುರುವಾಗಿ ಏರುತ್ತ ಹೋಯಿತು, ಇನ್ನೇನು ಮೇಲೆ ಮುಟ್ಟಬೇಕು ಎನ್ನುವಾಗ ದನಿ ಸಿಕ್ಕಿಕೊಂಡಿತು. ಬಾ-ಬಾ-ಬಾ-ಬಾ-ಬಾ. ತಟ್ಟೆ ಉಗ್ಗಿತು. ಆಮೇಲೆ ಏನೂ ಆಗದವರಂತೆ ಹಾಡು ಮುಂದೆ ಹೋಯಿತು.

ವಿಮಲಾ ಮೇಜಿನ ಅಂಚು ಹಿಡಿದುಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ಭೋಜರಾಜ ನಿಂತಿದ್ದ, ಕೈಯಲ್ಲಿ ಒರೆಸುವ ಬಟ್ಟೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಜಯರಾಮ ಗಡಬಡಿಸಿ ಪ್ಲೇಯರಿಗೆ ಕೈ ಹಾಕಿದ.

"ಇರಲಿ," ಎಂದ ಭೋಜರಾಜ. "ಯಾರೋ ಹಾಡುತ್ತಿದ್ದಾರೆ. ನಡುವೆ ಬಾಯಿ ಮುಚ್ಚಿಸಬಾರದು."

ಅವನು ಅಲ್ಲೇ ನಿಂತ. ಆ ಹಾಡು ಮುಗಿಯಿತು, ಮುಂದಿನದೂ ಮುಗಿಯಿತು. ಒಳಗಿನಿಂದ ಯಾರೋ ಸಾಂಬಾರಿಗೆ ಉಪ್ಪು ನೋಡಲು ಕರೆದರು, ಹೋಗಲಿಲ್ಲ. ಒಂಬತ್ತನೆಯದು ಮುಗಿದು ಪ್ಲೇಯರು ತಾನಾಗಿ ನಿಂತ ಮೇಲೆ, ಹೊಸ ಕಾಫಿಯ ಲೋಟವನ್ನು ತಾನೇ ತಂದು ಅವಳ ಮುಂದೆ ಇಟ್ಟ.

"ಅದು ಆರಿತು. ಇದು ಕುಡಿ." ಮತ್ತೆ, ಎತ್ತಲೋ ನೋಡುತ್ತ, "ನಡುವೆ ಒಂದು ಕಡೆ ಸಿಕ್ಕಿಕೊಂಡಿತಲ್ಲ. ತಟ್ಟೆ ಹಾಳಾಗಿದೆಯಾ?"

"ಗೊತ್ತಿಲ್ಲ," ಎಂದಳು ವಿಮಲಾ.

ಕಾಫಿ ಕುಡಿದು, ಸೀಡಿ ತೆಗೆದುಕೊಂಡು ಹೊರಟಳು. ಮನೆಗೆ ಬಂದು ಸೀಡಿಯನ್ನು ಕೀಬೋರ್ಡಿನ ಮೇಲೆ ಮೊದಲಿದ್ದ ಹಾಗೆ ಇಟ್ಟಳು. ಹಿಂದೆಯೇ ಬಂದ ಭೋಜರಾಜ ಸ್ನಾನ ಮಾಡಿ ಮರುಪೂಜೆ ಮುಗಿಸಿದ. ವಂದನಾ ಓಡುತ್ತ ಬಂದಳು. ಹುಡುಗಿಯರು ಕಂಪ್ಯೂಟರು ಹಾಕಿ ಸೀಡಿಯನ್ನು ಒಳಗೆ ತಳ್ಳಿದರು. ವಿಮಲಾ ಕಾಯಿ ತುರಿಯುವ ನೆಪದಲ್ಲಿ ಕೋಣೆಯ ಬಾಗಿಲಲ್ಲೇ ಕೂತಳು.

"ಗಂಧದ ವಾಸನೆ ಬರ್ತಿದೆಯಲ್ಲೇ ಇದು," ಎಂದಳು ವಂದನಾ.

"ಪೂಜೆಗೆ ಇಟ್ಟದ್ದಲ್ಲವಾ ಮಗಾ," ಎಂದರು ಸಾಕಮ್ಮ ಹಿಂದಿನಿಂದ.

ನಕಲು ಇಳಿಯತೊಡಗಿತು. ಅದು ಸರಿಯಾಗಿ ಇಳಿಯಿತೇ ಎಂದು ಪ್ರಣಮ್ಯಾ ಒಂದೊಂದೇ ಹಾಡನ್ನು ಅಲ್ಲಲ್ಲಿ ಹಾಕಿ ನೋಡಿದಳು. ಐದನೆಯದಕ್ಕೆ ಬಂದಳು. ಹಾಡು ಏರಿತು. ವಿಮಲಾಳ ಕೈ ತುರಿಮಣೆಯ ಮೇಲೆ ನಿಂತಿತು. ಹೇಳಬೇಕಾದ ಮಾತನ್ನು ಆಗಲೇ ಜೋಡಿಸಿಕೊಂಡಿದ್ದಳು, 'ಮಗಾ, ನನ್ನಿಂದ ಒಂದು ತಪ್ಪಾಯಿತು' ಎಂದು. ಬಾ-ಬಾ-ಬಾ-ಬಾ-ಬಾ.

"ಅಬ್ಬಾ!" ವಂದನಾ ಮೇಜು ಗುದ್ದಿದಳು. "ಇದೇ ಕಣೇ! ಇದೊಂದಕ್ಕೆ ಎಷ್ಟು ದಿನ ಸತ್ತಿದ್ವಿ!"

"ಸರಿಯಾ ಐದು ಬಾ. ಸ್ಟುಡಿಯೋದವರು ಅದನ್ನ ತಪ್ಪು ಅಂತ ತಿದ್ದಿಬಿಡ್ತಾರೇನೋ ಅಂತ ನಂಗೆ ಭಯ ಇತ್ತು," ಎಂದಳು ಪ್ರಣಮ್ಯಾ.

"ಅದು..." ವಿಮಲಾ ತುರಿಮಣೆಯನ್ನು ಬದಿಗೆ ಸರಿಸಿದಳು. "ಅದು ನೀವೇ ಮಾಡಿದ್ದಾ?"

"ಮತ್ತೆ? ಮೆಷಿನ್ ಉಗ್ಗಿದ ಹಾಗೆ ಕೇಳ್ಬೇಕು ಅಂತಾನೇ. ಏನಮ್ಮಾ, ಚೆನ್ನಾಗಿಲ್ವಾ?"

"ಚೆನ್ನಾಗುಂಟು," ಎಂದಳು ವಿಮಲಾ. "ತುಂಬ ಚೆನ್ನಾಗುಂಟು." ಎದ್ದು ಅಡುಗೆಮನೆಗೆ ಹೋಗಿ, ಒಲೆಯ ಕಡೆ ಮುಖ ಮಾಡಿ ನಿಂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಯಾರಿಗೂ ಕೇಳದಂತೆ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಲೆಕ್ಕವಿಡದೆ ಸಕ್ಕರೆ ಸುರಿದು ಪಾಯಸ ಮಾಡಿದಳು.

ಮೌಂಟ್ ರೋಡಿಗೆ ಹೋಗಿ ಸೀಡಿ ಕೊಟ್ಟು ಹುಡುಗಿಯರು ಊಟಕ್ಕೆ ಬಂದಾಗ ಎರಡು ಗಂಟೆ. ಅಚ್ಚಿಗೆ ಇವತ್ತೇ ಕಳಿಸುತ್ತಾರಂತೆ; ದೀಪಾವಳಿಗೆ ಮುಂಚೆ ಅಂಗಡಿಯಲ್ಲಿ ಇರುತ್ತದಂತೆ. ಎಲ್ಲರಿಗೂ ಬಾಳೆಲೆ ಹಾಕಿತ್ತು.

"ಹಾಗಾದರೆ ನಾನು ಸೋತೆ," ಎಂದ ಭೋಜರಾಜ, ಅನ್ನಕ್ಕೆ ಗುಳಿ ಮಾಡುತ್ತ. "ಮಾತು ಮಾತೇ. ಒಂದು ವರ್ಷ ಗಲ್ಲಾದ ಸುದ್ದಿ ಎತ್ತುವುದಿಲ್ಲ."

"ಸುದ್ದಿ ಎತ್ತದೆ ಇರ್ಲಿಕ್ಕೆ ನಿಂಗೆ ಆಗುತ್ತದಾ ಭೋಜ?" ಎಂದರು ಸಾಕಮ್ಮ.

"ಅಪ್ಪಾ," ಪ್ರಣಮ್ಯಾ ಕನ್ನಡದಲ್ಲೇ, ಒಂದೊಂದೇ ಮಾತು ಹುಡುಕಿ ಹೇಳಿದಳು, "ಒಂದು ಸಲ ಕೂತು ಕೇಳ್ತೀರಾ? ನಾನು ಹಾಕ್ತೀನಿ."

"ನಾನಾ? ಒಂಬತ್ತು ಹಾಡು ಕೂತು ಕೇಳಲಿಕ್ಕೆ ನಂಗೆಲ್ಲಿ ಪುರುಸೊತ್ತು?"

"ಒಂಬತ್ತು ಅಂತ ಯಾರ್ ಹೇಳಿದ್ದು ನಿಮ್ಗೆ? ಮನೇಲಿ ನಾವು ಹೇಳಿದ್ದು ಎಂಟು ಅಂತ. ಕೊನೇದು ನಾವು ಮೊನ್ನೆ ಸೇರಿಸಿದ್ದು."

ಭೋಜರಾಜನ ಕೈ ಎಲೆಯ ಮೇಲೆ ನಿಂತಿತು. ಅವನು ತಲೆಯೆತ್ತಿ ವಿಮಲಾಳನ್ನು ನೋಡಿದ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವನು ಅವಳಿಂದ ಏನನ್ನಾದರೂ ಬೇಡಿದಂತೆ ಕಂಡದ್ದು ಕಡಿಮೆ.

"ಅಮ್ಮ ಹೇಳಿದಳು," ಎಂದ.

ಎಲ್ಲರೂ ಅವಳ ಕಡೆ ತಿರುಗಿದರು. ವಿಮಲಾ ಪಾಯಸದ ಪಾತ್ರೆ ಹಿಡಿದು ನಡುವೆ ನಿಂತಿದ್ದಳು. ಹೇಳಬಹುದಾದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಮಗಳು ಕುಣಿದಾಳು, ಅಪ್ಪ ಇಡೀ ಆಲ್ಬಮ್ಮನ್ನು ನಿಂತು ಕೇಳಿದರೆಂದು ಬೀದಿಗೆಲ್ಲ ಸಾರಿಯಾಳು. ಗಂಡ ನಾಚಿ, ನಾಚಿದ್ದಕ್ಕೆ ಸಿಟ್ಟಾಗಿ, ಮತ್ತೆ ಡಬ್ಬಾ ಪಾಟ್ಟು ಎಂದಾನು. ಮುಂದಿನ ಜಗಳಕ್ಕೆ ಇದೊಂದು ಒಳ್ಳೆಯ ಆಯುಧವೂ ಆದೀತು. ಆದರೆ ಸುಮ್ಮನೆ ಬಿಟ್ಟರೆ, ಅವನು ಇನ್ನೊಮ್ಮೆ ಕದ್ದು ಕೇಳಿಯಾನು.

"ಹೌದು, ನಾನೇ ಹೇಳಿದ್ದು," ಎಂದಳು ವಿಮಲಾ, ಅವನ ಎಲೆಗೆ ಎರಡು ಸೌಟು ಪಾಯಸ ಬಡಿಸುತ್ತ. ಗಂಧದ ಸುದ್ದಿಯಿರಲಿ, ಹೋಟೆಲಿನ ಸುದ್ದಿಯಿರಲಿ, ಈ ಜನ್ಮದಲ್ಲಿ ಯಾರಿಗೂ ಹೇಳುವುದಿಲ್ಲವೆಂದು ಅವಳು ನಿಶ್ಚಯಿಸಿದಳು.